ಬಾಡಿಗೆ ಸರ್ವರ್‌ನಲ್ಲಿ ಮೂರು ವರ್ಷ: ಜಗಳವೆಲ್ಲ ಒಂದು ಹೆಸರಿನದು

ತಿಂಗಳಿಗೆ 450 ರೂಪಾಯಿಯ ಬಾಡಿಗೆ ಸರ್ವರ್‌ನಲ್ಲಿ ನಮ್ಮ ಮುದ್ರಣಾಲಯದ ಮೇಲ್ ನಡೆಸಲು ತೊಡಗಿ ಮೂರು ವರ್ಷವಾಯಿತು. ಮೆಮೊರಿ, ಡಿಸ್ಕ್ ಲೆಕ್ಕ ಕಂಪನಿಯ ಪುಟದಲ್ಲೇ ಇದೆ. ನಮ್ಮ ಆರು ಮೇಲ್‌ಬಾಕ್ಸ್‌ಗಳಿಗೆ ಅದು ಹೆಚ್ಚೇ ಆಯಿತು. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶವಂತೂ ಎತ್ತಿನ ಹಾಗೆ ದುಡಿದಿದೆ. ನನ್ನ ತಕರಾರು ಪಿಟಿಆರ್ ಎಂಬ ಒಂದೇ ದಾಖಲೆಯದು.

ಹೆಸರು ಕೊಟ್ಟರೆ ಐಪಿ (ಅಂತರ್ಜಾಲದಲ್ಲಿ ಸರ್ವರ್‌ನ ಅಂಕೆಯ ವಿಳಾಸ) ಹೇಳುವ ‘ಎ’ ದಾಖಲೆಯನ್ನು ನಾವೇ ಬರೆದುಕೊಳ್ಳಬಹುದು. ಐಪಿ ಕೊಟ್ಟರೆ ಹೆಸರು ಹೇಳುವ ಪಿಟಿಆರ್ ಮಾತ್ರ ಐಪಿಯ ಒಡೆಯರ ಕೈಯಲ್ಲಿ. ಗೇಟಿನ ಮೇಲೆ ನಾವು ಏನೇ ಬರೆಸಲಿ, ಪಹಣಿಯಲ್ಲಿ ಇರುವುದೇ ಹೆಸರು! ಈ ಕಂಪನಿ ‘ನಿರ್ವಹಣೆ’ ಎಂದು ಸರ್ವರನ್ನು ಬೇರೆ ಯಂತ್ರಕ್ಕೆ ಸರಿಸಿದಾಗಲೆಲ್ಲ ನಮ್ಮ ಪಿಟಿಆರ್ ಅಳಿಸಿಹೋಗಿ, ಐಪಿಯ ಅಂಕೆಗಳನ್ನೇ ಪೋಣಿಸಿದ ಅವರದೇ ಹೆಸರು ಬಂದು ಕೂರುತ್ತಿತ್ತು. ಸರಿಪಡಿಸಲು ಪ್ಯಾನೆಲ್‌ನಲ್ಲಿ ಗುಂಡಿಯಿಲ್ಲ, ದೂರು ಬರೆದು ಎರಡು ದಿನ ಕಾಯಬೇಕು. ಹೆಸರು ತಾಳೆಯಾಗದ ಮೇಲನ್ನು ಎದುರಿನ ಸರ್ವರ್ ನಂಬುವುದಿಲ್ಲ, ಅಷ್ಟರಲ್ಲಿ ಲಗ್ನಪತ್ರಿಕೆಯ ಕರಡುಗಳು ಗ್ರಾಹಕರ ಸ್ಪ್ಯಾಮ್ ಸೇರಿರುತ್ತಿದ್ದವು. ಮದುವೆಯ ಮುಹೂರ್ತ ಪಿಟಿಆರ್‌ಗಾಗಿ ಕಾಯುತ್ತದೆಯೇ? 2024ರ ಫೆಬ್ರುವರಿಯಿಂದ ಜಿಮೇಲ್, ಎರಡೂ ದಿಕ್ಕಿನ ದಾಖಲೆಗಳು ಸರಿಯಿರಬೇಕೆಂದು ನಿಯಮವನ್ನೇ ಮಾಡಿದೆ.

ಹೋದ ಮಾಘದಲ್ಲಿ ಮತ್ತೆ ಮೇಲ್‌ಗಳು ತಿರಸ್ಕೃತವಾಗಿ ಮರಳತೊಡಗಿದಾಗ ಕಟುವಾಗಿಯೇ ಒಂದು ದೂರು ಬರೆದೆ. ಅವರು ನನ್ನದೇ ಸರ್ವರ್‌ನ ಲಾಗ್ ಕಡತದ (ಅದರ ದಿನಚರಿಯ) ಒಂದು ಸಾಲು ಕಳಿಸಿ, ‘ನಿಮ್ಮ ಸರ್ವರ್ ಇನ್ನೊಂದು ಸರ್ವರ್‌ಗೆ ಹೆಲೋ ಹೇಳಿ ಪರಿಚಯಿಸಿಕೊಳ್ಳುವಾಗ ಯಾವ ಹೆಸರು ಹೇಳುತ್ತಿದೆ, ನೋಡಿ ಸರ್’ ಎಂದರು. ನೋಡಿದೆ. ಹೆಸರಿನ ಕೊನೆಯಲ್ಲಿ ‘ಲೋಕಲ್‌ಡೊಮೇನ್’ ಎಂದಿತ್ತು. ಏನನ್ನೋ ಪರೀಕ್ಷಿಸಲು, ಪೋಸ್ಟ್‌ಫಿಕ್ಸ್‌ಗೆ ಅದರ ಹೆಸರು ತಿಳಿಸುವ ಮೈಹೋಸ್ಟ್‌ನೇಮ್ ಸಾಲನ್ನು ಕಮೆಂಟ್ ಮಾಡಿ (ಲೆಕ್ಕಕ್ಕಿಲ್ಲದಂತೆ ಮಾಡಿ) ಮರೆತವನು ನಾನೇ. ಪೋಸ್ಟ್‌ಫಿಕ್ಸ್ ಪಾಪ, ಯಂತ್ರದ ಮೊಟಕು ಹೆಸರಿಗೆ ತನಗೆ ತೋಚಿದ ಬಾಲ ಅಂಟಿಸಿಕೊಂಡಿತ್ತು. ಪಿಟಿಆರ್ ಆ ಬಾರಿ ಸರಿಯಾಗಿಯೇ ಇತ್ತು. ಕ್ಷಮೆ ಕೇಳಿ ಬರೆದೆ. ಅಂದಿನಿಂದ ನನ್ನ ದೂರುಗಳ ಭಾಷೆ ಮೆತ್ತಗಾಗಿದೆ.

ಈಗ ಬೆಳಿಗ್ಗೆ ಶಟರ್ ಎತ್ತಿ, ಹುಡುಗರು ರೋಲರ್ ಒರೆಸುವಷ್ಟರಲ್ಲಿ ನನ್ನದೊಂದು ಸಣ್ಣ ಪೂಜೆ ನಡೆಯುತ್ತದೆ. ಈ ದಾಖಲೆಗಳನ್ನು ಹುಡುಕಿಕೊಡುವ ‘ಡಿಗ್ -ಎಕ್ಸ್’ ಆದೇಶಕ್ಕೆ ಐಪಿ ಕೊಡುತ್ತೇನೆ. ಬಂದ ಹೆಸರನ್ನು ಮತ್ತೆ ಡಿಗ್‌ಗೇ ಕೊಟ್ಟು ಅದೇ ಐಪಿ ಬಂತೇ ಎಂದು ನೋಡುತ್ತೇನೆ. ಕೊನೆಗೆ, ಪೋಸ್ಟ್‌ಫಿಕ್ಸ್ ತನ್ನ ಹೆಸರು ಏನೆನ್ನುತ್ತದೆಂದು ನೋಡಲು ‘ಪೋಸ್ಟ್‌ಕಾನ್ಫ್ ಮೈಹೋಸ್ಟ್‌ನೇಮ್’. ಎಲ್ಲೆಡೆ ಒಂದೇ ಹೆಸರು ಕಂಡರೆ ಕಾಫಿ, ಇಲ್ಲವಾದರೆ ಮೊದಲು ದೂರು. ನಮಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯೂ ಅದೇ ಹೆಸರನ್ನು ತೋರಿಸುತ್ತದೆ. ಅದನ್ನು ವಾರಕ್ಕೊಮ್ಮೆ ನೋಡಿದರೆ ಸಾಕು.

ಪಿಟಿಆರ್ ಅನ್ನು ನಾವೇ ಬದಲಿಸಿಕೊಳ್ಳಬಹುದಾದ ಸೇವೆ ಇನ್ನೊಂದೆಡೆ 200 ರೂಪಾಯಿ ಹೆಚ್ಚಿಗೆ ಸಿಗುತ್ತದೆ. ಹೊಸದಾಗಿ ಶುರುಮಾಡುವವರು ಅಲ್ಲಿಗೇ ಹೋಗಲಿ. ನಾನು ಹೋದರೆ ಹೊಸ ಐಪಿ, ಮೂರು ವರ್ಷ ಗಳಿಸಿದ ನಂಬಿಕೆ ಮತ್ತೆ ಮೊದಲಿನಿಂದ. ಐದಕ್ಕೆ ಮೂರು ನಕ್ಷತ್ರ ಕೊಟ್ಟು ಇನ್ನೊಂದು ವರ್ಷದ ಹಣ ಕಟ್ಟಿದ್ದೇನೆ.