ಸ್ಟಾರ್ ಚಾರ್ಟ್, ಗಾಜಿನ ಜಗ್ಗು, ಅಂಗನವಾಡಿ ತಟ್ಟೆ

ನನ್ನ ಮಗಳಿಗೆ ಈಗ ಐದು ವರ್ಷ. ಅಷ್ಟರಲ್ಲೇ ಮೂರು ಶಾಲೆ ನೋಡಿದ್ದಾಳೆ. ಮೊದಲು ಮನೆ ಹತ್ತಿರದ ಪ್ಲೇ ಸ್ಕೂಲು. ನಡುವೆ ಅಮ್ಮನ ಮೊಣಕಾಲು ಆಪರೇಷನ್ ಅಂತ ಊರಿಗೆ ಹೋದಾಗ ಎರಡು ತಿಂಗಳು ಅಂಗನವಾಡಿ. ಈಗ ಮಾಂಟೆಸರಿ. ಎಬಿಸಿಡಿ ಎಲ್ಲಾ ಕಡೆ ಒಂದೇ ಬಿಡಿ. ತನ್ನ ಕೆಲಸ ತಾನೇ ಮಾಡಿಕೊಳ್ಳೋದನ್ನು ಯಾರು ಕಲಿಸಿದರು ಅನ್ನೋದಷ್ಟೇ ನನ್ನ ಲೆಕ್ಕ.

ಪ್ಲೇ ಸ್ಕೂಲಿನಲ್ಲಿ ಚಪ್ಪಲಿ ಸಾಲಾಗಿಟ್ಟರೆ ಒಂದು ಸ್ಟಾರ್, ಡಬ್ಬಿ ಖಾಲಿ ಮಾಡಿದರೆ ಇನ್ನೊಂದು. ನಾನೂ ಮರುಳಾಗಿ ಫ್ರಿಜ್ ಮೇಲೆ ಚಾರ್ಟ್ ಅಂಟಿಸಿದೆ. ಮೂರನೇ ವಾರಕ್ಕೆ "ಚಪ್ಪಲಿ ಎತ್ತಿಡು ಪುಟ್ಟಿ" ಅಂದರೆ "ಎಷ್ಟು ಸ್ಟಾರ್ ಕೊಡ್ತೀಯಾ?" ಅಂತ ಚೌಕಾಶಿ! ಸ್ಟಿಕ್ಕರ್ ಮುಗಿದ ದಿನ ಚಪ್ಪಲಿ ಬಾಗಿಲಲ್ಲೇ ಬಿದ್ದಿತ್ತು. ಸುಳ್ಳು ಹೇಳಬಾರದು, ರಾತ್ರಿ ಹಲ್ಲುಜ್ಜಿಸೋಕೆ ಮಾತ್ರ ಅದು ಉಪಯೋಗಕ್ಕೆ ಬಂತು.

ಮಾಂಟೆಸರಿಯಲ್ಲಿ ಬಹುಮಾನ ಇಲ್ಲವೇ ಇಲ್ಲ. ಮೊದಲು ಒಂದು ಜಗ್ಗಿನಿಂದ ಇನ್ನೊಂದಕ್ಕೆ ರಾಗಿ ಸುರಿಯಬೇಕು. ಕೈ ಕುದುರಿದ ಮೇಲೆ ನೀರು. ಅದೂ ಗಾಜಿನ ಜಗ್ಗು. ನನ್ನ ಎದೆ ಧಸಕ್ಕೆಂದಿತು. "ಪ್ಲಾಸ್ಟಿಕ್ ಕೊಟ್ಟರೆ ಜೋಪಾನ ಯಾಕೆ ಮಾಡ್ತಾರೆ ಹೇಳಿ?" ಅಂದರು ಅಲ್ಲಿನ ಆಂಟಿ. ನೀರು ಚೆಲ್ಲಿದರೆ ಬೈಗುಳ ಇಲ್ಲ, ಪಕ್ಕದಲ್ಲೇ ಸ್ಪಂಜು ಇರುತ್ತೆ. ಗುಂಡಿ ಹಾಕೋಕೂ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ ಇದೆ. ನಾಲಿಗೆ ಕಚ್ಚಿಕೊಂಡು, ಬೆರಳಲ್ಲಿ ತಡಕಾಡಿ, ಹತ್ತು ನಿಮಿಷಕ್ಕೆ ಒಂದು ಗುಂಡಿ. ಒಂದು ತಿಂಗಳಲ್ಲಿ ಯೂನಿಫಾರ್ಮ್ ಗುಂಡಿ ತಾನೇ ಹಾಕಿಕೊಂಡಳು. ಕಷ್ಟ ಅಂದರೆ ಫೀಸು. ಮರಿಯಾ ಮಾಂಟೆಸರಿ 1907ರಲ್ಲಿ ಇದನ್ನು ಶುರು ಮಾಡಿದ್ದು ರೋಮ್‌ನ ಬಡವರ ಕೇರಿಯಲ್ಲಿ, ದುಡಿಯೋಕೆ ಹೋಗುವವರ ಮಕ್ಕಳಿಗೆ. ಈಗಿನ ರಸೀದಿ ನೋಡಿದರೆ ನಂಬೋಕಾಗಲ್ಲ, ಅಲ್ವಾ?

ಅಂಗನವಾಡಿಗೆ ಸುಮ್ನೆ, ಹೊತ್ತು ಹೋಗಲಿ ಅಂತ ಕಳಿಸಿದ್ದೆ. ನಮ್ಮೂರು ಟಿ. ನರಸೀಪುರ ತಾಲ್ಲೂಕು. 1975ರಲ್ಲಿ ಕೇಂದ್ರ ಸರ್ಕಾರದ ಮಕ್ಕಳ ಅಭಿವೃದ್ಧಿ ಯೋಜನೆ ಐಸಿಡಿಎಸ್ ಬಂದಾಗ ರಾಜ್ಯದಲ್ಲಿ ಅಂಗನವಾಡಿ ಮೊದಲು ತೆರೆದಿದ್ದೇ ಇಲ್ಲಿ. ಜಗ್ಗು, ಚೌಕಟ್ಟು ಏನೂ ಇಲ್ಲ. ಒಂದು ಕೋಣೆ, ಚಾಪೆ, ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಟ್ಟಿಗೆ. ಗುಂಡಿ ಬಿಚ್ಚಿಹೋದರೆ ಸಹಾಯಕಿಯೇ ಹಾಕಿಬಿಡುತ್ತಿದ್ದರು, ಆ ಲೆಕ್ಕದಲ್ಲಿ ಮಾಂಟೆಸರಿಯೇ ಮೇಲು. ಆದರೆ ಊಟದ ಹೊತ್ತಿಗೆ ಇವಳಿಗೆ ಒಂದು ಕೆಲಸ ಒಪ್ಪಿಸಿದ್ದರು. ಮೂರು ವರ್ಷದ ಒಬ್ಬ ಹುಡುಗನ ಕೈ ತೊಳೆಸಿ, ತಟ್ಟೆ ಮುಂದೆ ಕೂರಿಸಬೇಕು. ಒಂದು ದಿನ ಜ್ವರ ಅಂತ ಮನೆಯಲ್ಲಿ ಉಳಿಸಿಕೊಂಡರೆ ಅಳು: "ಅವನ ಕೈ ಯಾರು ತೊಳೆಸ್ತಾರೆ?" ಯಾವ ಸ್ಟಾರೂ ಇದನ್ನು ಹೇಳಿಸಿರಲಿಲ್ಲ.

ಮಾಂಟೆಸರಿ ಬಿಡಿಸಿಲ್ಲ, ಕೈಗೆ ಬಂದ ಹಿಡಿತ ಅಲ್ಲಿಯದು. ಫ್ರಿಜ್ ಮೇಲಿನ ಚಾರ್ಟ್ ಮಾತ್ರ ಕಿತ್ತುಹಾಕಿದೆ. ಅದರ ಬದಲು ಕೆಳಗಿನ ಕಪಾಟಿನ ತಟ್ಟೆಗಳು ಈಗ ಅವಳ ಜವಾಬ್ದಾರಿ. ದಿನಾ ಎಣಿಸಿ ಹಾಕುತ್ತಾಳೆ. ತಾತನಿಗೆ ಮೊದಲು, "ಕೈ ತೊಳೆದ್ರಾ?" ಅಂತ ಕೇಳಿದ ಮೇಲೆ.