ರಾಜಾನುಕುಂಟೆಯ ಬಳಿಯ ಶೆಡ್‌ನಲ್ಲಿ ಚಳಿಗಾಲಕ್ಕೆ ಬಿಟ್ಟ ಕ್ಯಾಂಪರ್ ವ್ಯಾನ್: ಯಾವ ಸೇವೆ ಬೇಕು, ಯಾವುದು ಬೇಡ

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವಾಗ ರಾಜಾನುಕುಂಟೆ ದಾಟಿದ ಮೇಲೆ ಸಿಗುವ ಒಂದು ಶೆಡ್‌ನಲ್ಲಿ ನಮ್ಮ ಕ್ಯಾಂಪರ್ ವ್ಯಾನನ್ನು ದೀಪಾವಳಿ ಕಳೆದ ಮೇಲೆ ಬಿಟ್ಟು, ಶಿವರಾತ್ರಿಯ ಹೊತ್ತಿಗೆ ಹಿಂದಕ್ಕೆ ತಂದೆವು. ಟಿಟಿಯ (ಟೆಂಪೊ ಟ್ರಾವೆಲರ್) ಚಾಸಿಯ ಮೇಲೆ ಕಟ್ಟಿಸಿದ ಗಾಡಿ ಅದು. ಮಲಗಲು ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಅದರೊಳಗಿವೆ. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರ ಗೇಟಿನೊಳಗೆ ಅಷ್ಟುದ್ದದ ಗಾಡಿ ಹಿಡಿಸುವುದಿಲ್ಲ, ಬೀದಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಅಕ್ಕಪಕ್ಕದವರಿಗೆ ತೊಂದರೆ. ಊರಿನಲ್ಲಿ ಇರದ ತಿಂಗಳುಗಳಲ್ಲಿ ಬಾಡಿಗೆ ಕೊಟ್ಟಾದರೂ ಅದನ್ನು ಒಂದು ಸೂರಿನ ಕೆಳಗೆ ಇಡುವುದು ನಮಗೆ ಅನಿವಾರ್ಯವಾಗಿತ್ತು. ನಿಂತ ಗಾಡಿಯನ್ನು ನೋಡಿಕೊಳ್ಳುವ ಕೆಲಸವನ್ನು ಈ ಶೆಡ್‌ನವರು ಶ್ರದ್ಧೆಯಿಂದ ಮಾಡುತ್ತಾರೆ, ಅದಕ್ಕೆ ಕೊಟ್ಟ ಹಣ ಸಾರ್ಥಕ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಜೊತೆಗೆ ಅವರು ಮಾರುವ ‘ವಿಂಟರ್ ಪ್ಯಾಕೇಜ್’ ಬೆಂಗಳೂರಿನಲ್ಲೇ ನಿಲ್ಲುವ ಗಾಡಿಗೆ ಬೇಕಾಗಿಲ್ಲ.

ಬಾಡಿಗೆಯನ್ನು ಗಾಡಿಯ ಉದ್ದದ ಮೇಲೆ ತಿಂಗಳ ಲೆಕ್ಕದಲ್ಲಿ ಹಾಕುತ್ತಾರೆ. ಬ್ಯಾಟರಿ, ಟೈರು ಮತ್ತು ಒಳಭಾಗದ ತಪಾಸಣೆಗೆ ಬೇರೆ ದರ, ವಿಂಟರ್ ಪ್ಯಾಕೇಜ್‌ಗೆ ಮತ್ತೊಂದು ದರ. ಈ ಪ್ಯಾಕೇಜ್‌ನ ಮುಖ್ಯ ಅಂಶವೆಂದರೆ ಗಾಡಿಯೊಳಗಿನ ನೀರಿನ ಪೈಪುಗಳಿಗೆ ಹೆಪ್ಪುಗಟ್ಟದಂತೆ ತಡೆಯುವ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬಿಸುವುದು. ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಇದು ಗಾಡಿಯ ಜೀವ ಉಳಿಸುವ ಕೆಲಸ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಪೈಪಿನಲ್ಲೋ ಪಂಪಿನಲ್ಲೋ ಗೀಜರಿನ ಟ್ಯಾಂಕಿನಲ್ಲೋ ಉಳಿದ ಸ್ವಲ್ಪ ನೀರೇ ಅವನ್ನು ಸೀಳಿಬಿಡುತ್ತದೆ. ಆದ್ದರಿಂದ ಅಲ್ಲಿನವರು ನೀರನ್ನೆಲ್ಲ ಬಸಿದು, ಗೀಜರನ್ನು ಬೈಪಾಸ್ ಮಾಡಿ, ಪ್ರತಿಯೊಂದು ನಲ್ಲಿಯಲ್ಲಿಯೂ ಗುಲಾಬಿ ಬಣ್ಣ ಕಾಣುವವರೆಗೆ ಈ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ಹರಿಸುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ದೊಡ್ಡಬಳ್ಳಾಪುರದ ಬಯಲಿನಲ್ಲಿ ನಗರಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಚಳಿಯಿದ್ದರೂ ಪೈಪು ಒಡೆಯುವ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಕೇಳಿದಾಗ ಶೆಡ್‌ನ ಮೇಲ್ವಿಚಾರಕರು ವಾದ ಮಾಡದೆ ಆ ಬಾಬ್ತನ್ನು ಬಿಲ್ಲಿನಿಂದ ತೆಗೆದರು ನಿಜ. ಆದರೆ ಕೇಳದವರ ಬಿಲ್ಲಿನಲ್ಲಿ ಅದು ಹಾಗೆಯೇ ಉಳಿಯುತ್ತದೆ ಎಂಬುದು ನನಗೆ ಸರಿಕಾಣಲಿಲ್ಲ.

ಇಲ್ಲಿಂದ ನೇರವಾಗಿ ಚಳಿಗಾಲದಲ್ಲಿಯೇ, ನೀರು ಹೆಪ್ಪುಗಟ್ಟುವ ಹಿಮಾಲಯದ ಲೇಹ್‌ಗೋ ಸ್ಪಿತಿಗೋ ಹೊರಡುವವರ ಮಾತು ಬೇರೆ. ಅಂಥವರು ಈ ಸೇವೆಯನ್ನು ಪಡೆಯಲಿ, ಆದರೆ ತುಂಬುವ ದ್ರವ ಯಾವುದೆಂದು ಡಬ್ಬಿಯನ್ನು ತರಿಸಿ ಓದಿ ನೋಡಲಿ. ಎಂಜಿನ್ನಿನ ರೇಡಿಯೇಟರ್‌ಗೆ ಹಾಕುವ ಕೂಲೆಂಟ್‌ಗಳಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ, ಪಾತ್ರೆ ತೊಳೆಯುವ ನೀರು ಹರಿಯುವ ಪೈಪಿಗೆ ಅದು ಎಂದಿಗೂ ಸೇರಬಾರದು. ಡೀಸೆಲ್ ಗಾಡಿಯವರು ಇನ್ನೊಂದು ವಿಷಯವನ್ನೂ ಗಮನಿಸಬೇಕು: ಬಯಲುಸೀಮೆಯಲ್ಲಿ ತುಂಬಿಸಿದ ಸಾಮಾನ್ಯ ಡೀಸೆಲ್ ಅಂಥ ಚಳಿಯಲ್ಲಿ ಮೇಣಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ತಂದದ್ದು ಇದೇ ಕಾರಣಕ್ಕೆ. ಈ ವಿವರವನ್ನು ಗ್ರಾಹಕರಿಗೆ ಹೇಳುವವರು ಆ ಶೆಡ್‌ನಲ್ಲಿ ಯಾರೂ ಇರಲಿಲ್ಲ. ಉತ್ತರಕ್ಕೆ ಹೊರಟವರಿಗಾಗಿ ಪ್ಯಾಕೇಜ್ ಮಾಡುವುದಾದರೆ ಅದನ್ನು ಹೇಳಬೇಕಾದದ್ದು ಅವರ ಕರ್ತವ್ಯ.

ಆಂಟಿಫ್ರೀಜ್ ಬೇಡವೆಂದ ಮಾತ್ರಕ್ಕೆ ನೀರನ್ನು ಹಾಗೆಯೇ ಬಿಡಬಹುದೆಂದಲ್ಲ. ನಮ್ಮಲ್ಲಿ ನೀರು ತೆಗೆಯಬೇಕಾದದ್ದು ಸೊಳ್ಳೆಗಾಗಿ ಮತ್ತು ಪಾಚಿಗಾಗಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅಂಗೈಯಷ್ಟು ಶುದ್ಧ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೂವರೆ ವಾರ ಸಾಕು, ಮತ್ತು ಅದರ ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರಬಲ್ಲವು. ಇದನ್ನು ಈ ಶೆಡ್‌ನವರು ಚೆನ್ನಾಗಿ ಬಲ್ಲರು. ಸಿಹಿನೀರಿನ ಟ್ಯಾಂಕು, ಬಚ್ಚಲುನೀರಿನ ಟ್ಯಾಂಕು, ಗೀಜರು ಮೂರನ್ನೂ ಬಸಿದ ಮೇಲೆ, ಕೈ ಹೋಗುವಷ್ಟು ಬಾಯಿರುವ ಟ್ಯಾಂಕಿನ ಒಳಗೋಡೆಯನ್ನು ಉಜ್ಜಿ ಒರೆಸಿದರು, ನಲ್ಲಿಗಳನ್ನು ತೆರೆದಿಟ್ಟರು, ಗಾಳಿ ಆಡುವ ಕೊಳವೆಗಳ ಬಾಯಿಗೆ ಸಣ್ಣ ಜಾಲರಿ ಕಟ್ಟಿದರು. ಶೌಚಾಲಯದ ಟ್ಯಾಂಕನ್ನು ಮಾತ್ರ ತೊಳೆದುಕೊಂಡೇ ಬರಬೇಕೆಂಬ ನಿಯಮವಿದೆ; ಅದು ನ್ಯಾಯವಾದ ನಿಯಮ.

ಬ್ಯಾಟರಿಯ ವಿಷಯದಲ್ಲಿ ಇವರ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಿಂತ ಗಾಡಿಯಲ್ಲಿ ಮೊದಲು ಸಾಯುವುದು ಅದೇ. ಕೀ ತೆಗೆದ ಮೇಲೂ ಜಿಪಿಎಸ್, ಸ್ಟೀರಿಯೋದ ನೆನಪು, ಗ್ಯಾಸ್ ಸೋರಿಕೆ ಎಚ್ಚರಿಸುವ ಉಪಕರಣ ಇವೆಲ್ಲ ಸೇರಿ ಹನಿಹನಿಯಾಗಿ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಬರೀ 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ತಿಂಗಳಿಗೆ ಸುಮಾರು 14 ಆಂಪಿಯರ್-ಅವರ್ ಆಗುತ್ತದೆ. 100 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಮೂರು ತಿಂಗಳಿಗೆ ಶೇ. 40ಕ್ಕೂ ಹೆಚ್ಚು ಭಾಗ ಹೀಗೆಯೇ ಸೋರಿಹೋಗುತ್ತದೆ, ಅದು ತಾನಾಗಿಯೇ ಕಳೆದುಕೊಳ್ಳುವುದು ಬೇರೆ. ಎಂಜಿನ್ನಿಗೆ ಇರುವ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಿದಾಗ, ವಿಶ್ರಾಂತ ಸ್ಥಿತಿಯಲ್ಲಿ 12.6ರಿಂದ 12.7 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇವರು ಗಾಡಿ ಬಂದ ದಿನವೇ ನೆಗೆಟಿವ್ ತಂತಿಯನ್ನು ಕಳಚಿ, ತಿಂಗಳಿಗೊಮ್ಮೆ ವೋಲ್ಟ್ ಅಳೆದು, ಕಡಿಮೆಯಾದಾಗ ಮೆಲ್ಲಗೆ ಚಾರ್ಜ್ ಮಾಡಿ, ಮೀಟರಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಿದ್ದರು. ಗಾಡಿಯೊಳಗಿನ ದೀಪ, ಫ್ಯಾನಿಗೆಂದು ಇರುವ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಡದೆ ಅರ್ಧಕ್ಕಿಂತ ತುಸು ಮೇಲೆ ನಿಲ್ಲಿಸಿದರು. ಎರಡೂ ಬಗೆಯ ಬ್ಯಾಟರಿಗೆ ಒಂದೇ ಉಪಚಾರ ಸಲ್ಲದು ಎಂಬ ತಿಳಿವಳಿಕೆಯನ್ನು ನಗರದೊಳಗಿನ ಎಷ್ಟೋ ಗ್ಯಾರೇಜುಗಳಲ್ಲಿ ನಾನು ಕಂಡಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿಡಿ ಎಂದು ಸಲಹೆ ಕೊಡುವವರು ನಮ್ಮಲ್ಲಿ ಬಹಳ. ಇವರು ಅದನ್ನು ಮಾಡುವುದಿಲ್ಲ, ಕೇಳಿದರೂ ಬೇಡವೆನ್ನುತ್ತಾರೆ. ಅದೇ ಸರಿ, ಏಕೆಂದರೆ ಅಷ್ಟು ಹೊತ್ತಿನಲ್ಲಿ ಎಣ್ಣೆ ಕಾಯುವುದಿಲ್ಲ, ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ಹಿಂದಿರುಗುವುದಿಲ್ಲ, ಸೈಲೆನ್ಸರಿನಲ್ಲಿ ನೀರಿನ ಹಬೆ ಮಾತ್ರ ಸೇರುತ್ತದೆ, ಮತ್ತು ಬಿಎಸ್-6 ಡೀಸೆಲ್ ಗಾಡಿಯ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರಿನಲ್ಲಿ, ಮಸಿ ಕಟ್ಟುತ್ತದೆ. ಟೈರಿನ ಕೆಲಸವೂ ಅಚ್ಚುಕಟ್ಟು: ಗಾಳಿಯನ್ನು ತುಸು ಹೆಚ್ಚಿಸಿ, ಹಲಗೆಯ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಟ್ಟು, ತಿಂಗಳಿಗೊಮ್ಮೆ ಕಾಲು ಸುತ್ತು ಉರುಳಿಸುತ್ತಾರೆ.

ಇಲಿ, ಹೆಗ್ಗಣಗಳ ಕಾಟ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದ ಸಂಗತಿ. ರಾಗಿ ಕೊಯ್ಲಾದ ಹೊಲಗಳು ಪಕ್ಕದಲ್ಲೇ ಇರುವಾಗ, ಕೊಯ್ಲಿನ ನಂತರ ಅವು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವುದು ಸಹಜ, ಮತ್ತು ಕ್ಯಾಂಪರ್ ವ್ಯಾನಿನ ಕೆಳಗೆ ಪೈಪು, ತಂತಿಗಳು ಒಳಹೋಗುವ ತೂತುಗಳು ಬೇಕಾದಷ್ಟಿರುತ್ತವೆ. ಆ ತೂತುಗಳಿಗೆಲ್ಲ ಉಕ್ಕಿನ ನಾರನ್ನು (ಸ್ಟೀಲ್ ವುಲ್) ಒತ್ತಿ ತುಂಬಿ ಮೇಲೆ ಸೀಲೆಂಟ್ ಹಚ್ಚುವ ಕೆಲಸವನ್ನು ಇವರು ಬಾಡಿಗೆಯಲ್ಲಿಯೇ ಸೇರಿಸಿದ್ದಾರೆ. ವಿಷ ಇಡುವುದಿಲ್ಲ, ಬೋನು ಇಡುತ್ತಾರೆ. ವಿಷ ತಿಂದ ಇಲಿ ಗೋಡೆಯ ಪ್ಲೈವುಡ್ಡಿನ ಹಿಂದೆ ಹೋಗಿ ಸತ್ತರೆ ಆ ವಾಸನೆಯನ್ನು ತೆಗೆಯಲು ಅರ್ಧ ಗಾಡಿಯನ್ನೇ ಬಿಚ್ಚಬೇಕಾದೀತು. ಒಳಗೆ ಒಂದು ಅಕ್ಕಿಕಾಳನ್ನೂ ಬಿಡದಂತೆ ಡಬ್ಬಿಗಳನ್ನೆಲ್ಲ ಮನೆಗೆ ಒಯ್ಯಲು ಮೊದಲೇ ತಿಳಿಸುತ್ತಾರೆ. ಎಲ್ಲಿಯಾದರೂ ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸದೆ, ಸೋಂಕುನಾಶಕದಲ್ಲಿ ನೆನೆಸಿ ಒರೆಸಬೇಕೆಂಬ ಸೂಚನೆಯನ್ನು ಗೋಡೆಯ ಮೇಲೆ ಕನ್ನಡದಲ್ಲಿಯೇ ಬರೆದು ಹಾಕಿದ್ದಾರೆ. ಇಲಿಜ್ವರದ ಅಪಾಯ ಗೊತ್ತಿರುವವರು ಬರೆಸಿದ್ದು ಅದು, ಅಲ್ಲಿ ಕೆಲಸ ಮಾಡುವ ಹುಡುಗರ ಬಗ್ಗೆ ಕಾಳಜಿ ಇರುವವರು ಬರೆಸಿದ್ದು.

ತೇವದ ವಿಷಯದಲ್ಲಿ ಮಾತ್ರ ಇವರು ಹಿಂದೆ ಬಿದ್ದಿದ್ದಾರೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ದೇವನಹಳ್ಳಿಯ ಸುತ್ತ ದಟ್ಟವಾಗಿ ಕವಿಯುವ ಮಂಜು ಇಲ್ಲಿಯೂ ಇಳಿಯುತ್ತದೆ. ರಾತ್ರಿಯೆಲ್ಲ ತಣಿದ ಶೆಡ್‌ನ ತಗಡಿನ ಸೂರಿನ ಒಳಮೈಯಲ್ಲಿ ಇಬ್ಬನಿ ಕಟ್ಟಿ, ಸಾಲಾಗಿ ನಿಂತ ಗಾಡಿಗಳ ಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಕೆಳಗೆ ಒಂದು ಪದರ ಉಷ್ಣರೋಧಕ ಹಾಳೆಯನ್ನು ಹಾಕಿಸಿದ್ದರೆ ಇದು ನಿಲ್ಲುತ್ತಿತ್ತು. ಛಾವಣಿಯ ಕಿಟಕಿಯ ಸುತ್ತ ಹಚ್ಚಿದ ಸೀಲೆಂಟ್ ಎಲ್ಲಿಯಾದರೂ ಬಿರುಕು ಬಿಟ್ಟಿದ್ದರೆ ಆ ಹನಿಗಳೇ ಸಾಕು, ಪ್ಲೈವುಡ್ ಉಬ್ಬಲು. ನಮ್ಮ ಗಾಡಿಯಲ್ಲಿ ಬೀರುವಿನ ಒಂದು ಮೂಲೆಯಲ್ಲಿ ಬೂಷ್ಟು ಹಿಡಿದಿತ್ತು. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಇಟ್ಟಿದ್ದರು, ಆದರೆ ಅವು ತುಂಬಿದ ಮೇಲೂ ಬದಲಾಯಿಸಿರಲಿಲ್ಲ, ಕೆಳಗೆ ತಟ್ಟೆಯನ್ನೂ ಇಟ್ಟಿರಲಿಲ್ಲ. ಆ ಉಪ್ಪುನೀರು ಚೆಲ್ಲಿದರೆ ತಗುಲಿದ ಲೋಹವೆಲ್ಲ ತುಕ್ಕು ಹಿಡಿಯುತ್ತದೆ. ಗಾಡಿಯೊಳಗಿನ ಆರ್ದ್ರತೆ ಶೇ. 60 ಮೀರದಂತೆ ನೋಡಿಕೊಂಡರೆ ಬೂಷ್ಟಿನ ಭಯ ಬಹುಮಟ್ಟಿಗೆ ಇರುವುದಿಲ್ಲ. ಬ್ಯಾಟರಿಯ ಮೀಟರಿನ ಫೋಟೊ ಕಳುಹಿಸುವವರು ಒಂದು ಸಣ್ಣ ಆರ್ದ್ರತಾ ಮಾಪಕದ ಫೋಟೊವನ್ನೂ ಕಳುಹಿಸುವುದು ಕಷ್ಟವಲ್ಲ. ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಫ್ರಿಜ್ಜಿನ ಬಾಗಿಲನ್ನು ಸ್ವಲ್ಪ ತೆರೆದಿಟ್ಟದ್ದರಿಂದ ಅವೆರಡೂ ಕೆಡಲಿಲ್ಲ ಎಂಬುದನ್ನೂ ಹೇಳಬೇಕು.

ಗ್ಯಾಸ್ ಸಿಲಿಂಡರನ್ನು ಗಾಡಿಯಲ್ಲಿ ಬಿಡಲು ಇವರು ಒಪ್ಪುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಕೂರುತ್ತದೆ, ಮುಚ್ಚಿದ ಶೆಡ್‌ನಲ್ಲಿ ಅದು ಎಲ್ಲ ಗಾಡಿಗಳಿಗೂ ಅಪಾಯ. ಹೊರಗೆ ಬಯಲಿನಲ್ಲಿ ಬೀಗ ಹಾಕಿದ ಜಾಲರಿಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿಡುತ್ತಾರೆ. ಕರಾರು ಪತ್ರವನ್ನು ಸಹಿ ಮಾಡುವ ಮೊದಲು ಪೂರ್ತಿ ಓದಬೇಕು, ಏಕೆಂದರೆ ಬೆಂಕಿ ಮತ್ತು ಕಳ್ಳತನದ ಹೊಣೆಯನ್ನು ಅದರಲ್ಲಿ ಗಾಡಿಯ ಮಾಲೀಕರ ಮೇಲೆಯೇ ಹೊರಿಸಲಾಗಿದೆ. ಗಾಡಿ ಓಡುವುದಿಲ್ಲವೆಂದು ವಿಮೆಯನ್ನು ನಿಲ್ಲಿಸದೆ, ಸ್ವಂತ ಹಾನಿಯ (ನಮ್ಮದೇ ಗಾಡಿಗಾದ ನಷ್ಟದ) ಭಾಗವೂ ಸೇರಿದಂತೆ ಅದನ್ನು ಚಾಲ್ತಿಯಲ್ಲಿಟ್ಟೇ ಬಿಟ್ಟುಹೋಗಬೇಕು.

ಹಿಂದಕ್ಕೆ ಪಡೆಯುವ ದಿನ ಗಾಡಿ ಮೊದಲ ಪ್ರಯತ್ನದಲ್ಲೇ ಸ್ಟಾರ್ಟ್ ಆಯಿತು. ಟ್ಯಾಂಕಿಗೆ ಬ್ಲೀಚ್ ಬೆರೆಸಿದ ನೀರು ತುಂಬಿ, ನಿಲ್ಲಿಸಿ, ಹರಿಸಿ, ಮತ್ತೆ ಶುದ್ಧ ನೀರಿನಲ್ಲಿ ತೊಳೆದು ಕೊಟ್ಟರು. ಬೂಷ್ಟು ಹಿಡಿದ ಮೂಲೆಯನ್ನು ತೋರಿಸಿದಾಗ ತಪಾಸಣೆಯ ಒಂದು ತಿಂಗಳ ಶುಲ್ಕವನ್ನು ಬಿಟ್ಟುಕೊಟ್ಟರು. ಮುಂದಿನ ಕಾರ್ತಿಕದಲ್ಲಿಯೂ ಅಲ್ಲಿಯೇ ಬಿಡಲಿದ್ದೇವೆ, ಆದರೆ ತಗಡಿನ ಶೆಡ್ ಬೇಡವೆಂದು, ಪೂರ್ವ ದಿಕ್ಕಿನ ಕಾಂಕ್ರೀಟ್ ಸೂರಿನ ಸಾಲಿನಲ್ಲಿ ಜಾಗ ಕೇಳಿ ಈಗಲೇ ಮುಂಗಡ ಕೊಟ್ಟಿದ್ದೇವೆ. ಆ ಸಾಲಿನಲ್ಲಿ ಜಾಗ ಕಡಿಮೆ ಇರುವುದರಿಂದ, ಬೇಕೆನ್ನುವವರು ದಸರೆಗೆ ಮೊದಲೇ ಹೋಗಿ ಮಾತನಾಡುವುದು ಒಳ್ಳೆಯದು.