ಚಿತ್ರಕಲೆ ಓದಲು 12 ಲಕ್ಷ ಸಾಲ ಮಾಡುವ ಮುಂಚೆ ನನ್ನ ಲೆಕ್ಕ ನೋಡಿ

ಪಿಯುಸಿ ಮುಗಿಸಿ ಚಿತ್ರಕಲೆ ಓದಬೇಕು ಅಂತಿರುವ ಮಕ್ಕಳಿಗೆ, ಅದಕ್ಕಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಖಾಸಗಿ ಕಾಲೇಜಿನ ಫೀಸಿಗೆ ಸಾಲ ಮಾಡುವುದಿದ್ದರೆ, ಸಹಿ ಹಾಕುವ ಮೊದಲು ದಯವಿಟ್ಟು ಓದಿ.

ನಮ್ಮದು ತಿಪಟೂರು. ಅಪ್ಪನಿಗೆ ಚಿಕ್ಕ ದಿನಸಿ ಅಂಗಡಿ, ಊರಾಚೆ ಒಂದು ಸೈಟು. 2014ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ದೃಶ್ಯಕಲೆ ಪದವಿಗೆ ಸೇರಿದೆ. ನನ್ನ ವಿಷಯ ಪ್ರಿಂಟ್‌ಮೇಕಿಂಗ್, ಅಂದರೆ ತಗಡು, ಮರದಂಥವುಗಳ ಮೇಲೆ ಚಿತ್ರ ಕೊರೆದು ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ವರ್ಷಕ್ಕೆ 3 ಲಕ್ಷ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಅಪ್ಪ ಸೈಟಿನ ಪತ್ರವನ್ನು ಬಟ್ಟೆ ಅಂಗಡಿಯ ಕವರಿನಿಂದ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಖಾಲಿ ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನೀನು ಓದಮ್ಮ, ಇದು ಎಲ್ಲಿಗೂ ಓಡಿ ಹೋಗಲ್ಲ" ಅಂದರು.

ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅಂತ ಮ್ಯಾನೇಜರ್ ಹೇಳಿದರು. ನಾವು ಬಡ್ಡಿಯೂ ಇರಲ್ಲ ಅಂದುಕೊಂಡೆವು. ದೊಡ್ಡ ತಪ್ಪು ಆಗಿದ್ದು ಅಲ್ಲೇ. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಶುರು. ನಮ್ಮದು ಶೇಕಡಾ 11. ಮೊದಲ ವರ್ಷದ 3 ಲಕ್ಷಕ್ಕೆ ಐದು ವರ್ಷದ ಬಡ್ಡಿ ಬಿತ್ತು, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಹೀಗೆ. ಎಲ್ಲ ಸೇರಿ 4.62 ಲಕ್ಷ. ಅದನ್ನು ಅಸಲಿಗೆ ಸೇರಿಸಿದರು. 2019ರಲ್ಲಿ ಮೊದಲ ಕಂತು ಕಟ್ಟುವಾಗ ಸಾಲ 12 ಲಕ್ಷ ಆಗಿರಲಿಲ್ಲ, 16.62 ಲಕ್ಷ ಆಗಿತ್ತು. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 22,900 ರೂಪಾಯಿ ಇಎಂಐ. ಪೂರ್ತಿ ತೀರುವಷ್ಟರಲ್ಲಿ ಹತ್ತಿರ ಹತ್ತಿರ ಇಪ್ಪತ್ತೇಳೂವರೆ ಲಕ್ಷ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದಿದ್ದರೆ ಮೊದಲ ವರ್ಷ ತಿಂಗಳಿಗೆ 2,750 ಆಗುತ್ತಿತ್ತು. ಅಂಗಡಿಯಿಂದ ಅಷ್ಟು ಹೊಂದಿಸಬಹುದಿತ್ತು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನನ್ನ ಸಂಪಾದನೆ? ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, 16,000. ಶನಿವಾರ ಭಾನುವಾರ ಮಕ್ಕಳಿಗೆ ಕ್ಲಾಸ್, 6,000. ಒಟ್ಟು 22,000. ಇಎಂಐಗೇ ಸಾಲದು. ಬಾಡಿಗೆ, ಊಟ, ಬಸ್ಸಿಗೆ ಮನೆಯಿಂದ ದುಡ್ಡು ತರಿಸುತ್ತಿದ್ದೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಅಂತ ಎಲ್ಲರೂ ಹೇಳುತ್ತಿದ್ದರು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಅದರಿಂದ ಏನು ಉಪಯೋಗ?

2020ರಲ್ಲಿ ಕೊರೊನಾ ಬಂದು ಶಾಲೆ ಸಂಬಳ ನಿಲ್ಲಿಸಿತು. ಆರು ತಿಂಗಳು ಕಂತು ಮುಂದೂಡಿದರು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಎರಡು ಕಂತು ತಪ್ಪಿದೆ. ಅಪ್ಪ ಸಹ ಸಾಲಗಾರರಲ್ವಾ, ಅವರ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ಕಟ್ಟಿದ್ದಾರಾ ಅಂತ ನೋಡಿ ಕೊಡುವ ಅಂಕ) ಇಳಿಯಿತು. ಅಂಗಡಿಗೆ ಫ್ರಿಜ್ ತರಲು ಸಾಲ ಕೇಳಿದಾಗ ಬ್ಯಾಂಕಿನವರು ಆಗಲ್ಲ ಅಂದರು. ಮನೆಗೆ ಬಂದು ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು ಯಾರೂ ಹೇಳಲ್ಲ. ತಗಡಿಗೆ ಇಂಕು ಮೆತ್ತಿ, ತೆಳು ಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಹಾಸಿ, ಪ್ರೆಸ್ಸಿನ ಚಕ್ರ ತಿರುಗಿಸಿದಾಗ ಬರುವ ಚಿತ್ರ ಇದೆಯಲ್ಲ, ಅದಕ್ಕೆ ಆ ಭಾರದ ಪ್ರೆಸ್ಸೇ ಬೇಕು. ಪ್ರೆಸ್ ಕಾಲೇಜಿನದು. ಡಿಗ್ರಿ ಕೈಗೆ ಬಂದ ದಿನ ಪ್ರೆಸ್ ಕೈತಪ್ಪಿತು. ನನ್ನ ತಗಡುಗಳು ಪೇಪರ್ ಸುತ್ತಿಕೊಂಡು ಮಂಚದ ಕೆಳಗಿವೆ. ಈಗ ನಾನು ಪ್ಯಾಕೇಜಿಂಗ್ ಡಿಸೈನ್ ಮಾಡುತ್ತೇನೆ. ಆ ಸಾಫ್ಟ್‌ವೇರ್ ಕಲಿತದ್ದು ಕಾಲೇಜು ಬಿಟ್ಟ ಮೇಲೆ, ಮೂರೇ ತಿಂಗಳಲ್ಲಿ.

ನನ್ನ ಜೊತೆ ಪಿಯುಸಿ ಓದಿದ ಗೆಳತಿ ಮೈಸೂರಿನ ಕಾವಾಗೆ ಸೇರಿದಳು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಸರ್ಕಾರಿ ಸಂಸ್ಥೆ. ಅಲ್ಲೂ ಪ್ರಿಂಟ್‌ಮೇಕಿಂಗ್ ಇದೆ, ಫೀಸು ಸಾಲವಿಲ್ಲದೆ ಕಟ್ಟುವಂಥದ್ದು. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಖಾಸಗಿ ಕಾಲೇಜಿನ ಗಾಜಿನ ಕಟ್ಟಡ, ಎತ್ತರದ ಸ್ಟುಡಿಯೋ ನೋಡಿ ಮರುಳಾಗಿದ್ದೆ. ಅವಳೂ ಡ್ರಾಯಿಂಗ್ ಟೀಚರೇ, ಸಂಬಳ ನನ್ನಷ್ಟೇ ಇತ್ತು. ಆದರೆ ಅವಳು ಸಂಬಳದಲ್ಲಿ ಕಾಗದ, ಇಂಕು ಕೊಂಡಳು. ಇನ್ನಿಬ್ಬರ ಜೊತೆ ಸೇರಿ ಒಂದು ಹಳೆಯ ಪ್ರೆಸ್ ತಂದಳು. ಅವಳು ಕಲಾವಿದೆಯಾಗಿ ಉಳಿದಿದ್ದಾಳೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಆ ಇಎಂಐ ಒಂದೇ.

ಕಲೆ ಓದಬೇಡಿ ಅಂತ ನಾನು ಯಾವತ್ತೂ ಹೇಳಲ್ಲ. ಆ ನಾಲ್ಕು ವರ್ಷ ನನ್ನ ಕಣ್ಣು ತೆರೆಸಿದವು. ಆದರೆ ಖಾಸಗಿ ಕಾಲೇಜಿನವರು ತೋರಿಸುವ ಪ್ಲೇಸ್‌ಮೆಂಟ್ ಪಟ್ಟಿಯನ್ನು ಗಮನ ಇಟ್ಟು ನೋಡಿ. ನಮಗೆ ತೋರಿಸಿದ್ದ ಹೆಸರುಗಳೆಲ್ಲ ಅನಿಮೇಷನ್ ಮತ್ತು ಗ್ರಾಫಿಕ್ ಡಿಸೈನ್ ವಿಭಾಗದವು. ಪೇಂಟಿಂಗ್, ಶಿಲ್ಪ, ಪ್ರಿಂಟ್‌ಮೇಕಿಂಗ್‌ನಿಂದ ಒಂದೂ ಇರಲಿಲ್ಲ. ಇದು ನನಗೆ ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ನೀವು ಸೇರುವ ವಿಭಾಗದಲ್ಲೇ ಐದು ವರ್ಷದ ಹಿಂದೆ ಓದಿ ಹೋದ ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಅವರು ಈಗ ಏನು ಮಾಡುತ್ತಿದ್ದಾರೆ, ಕೈಗೆ ಎಷ್ಟು ಬರುತ್ತದೆ, ಸಾಲ ಇತ್ತಾ ಅಂತ ಸಂಕೋಚ ಬಿಟ್ಟು ವಿಚಾರಿಸಿ. ಮಾತಾಡಿಸಲು ಕಾಲೇಜಿನವರು ಹಿಂದೆಮುಂದೆ ನೋಡಿದರೆ ಸೀಟಿನ ಅಡ್ವಾನ್ಸ್ ಕಟ್ಟಬೇಡಿ.